ಹಡಗು ನಿಂತಾಗ ಕಡಲಿಗಿಳಿಯುವುದೆಲ್ಲಿ?

ಪ್ರವಾಸಿ ಹಡಗುಗಳ ದಿನಚರಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ರಾತ್ರಿಯೆಲ್ಲ ಚಲಿಸಿ ಬೆಳಿಗ್ಗೆ ಎಂಟರ ಹೊತ್ತಿಗೆ ಯಾವುದಾದರೊಂದು ದ್ವೀಪದ ಬಂದರು ಮುಟ್ಟುತ್ತವೆ. ಸಂಜೆ ಐದಕ್ಕೆ ಹಗ್ಗ ಬಿಚ್ಚಿ ಹೊರಡುತ್ತವೆ. ನಡುವಿನ ಒಂಬತ್ತು ಗಂಟೆಗಳಲ್ಲಿ ಪ್ರಯಾಣಿಕರು ಪೇಟೆ ಸುತ್ತಬಹುದು, ಬಸ್ಸು ಹತ್ತಿ ಊರು ನೋಡಬಹುದು, ಇಲ್ಲವೆ ಮೂಗು ಕಣ್ಣು ಮುಚ್ಚುವ ಗಾಜಿನ ಮುಖಗವಸು ಹಾಕಿಕೊಂಡು, ಸ್ನಾರ್ಕೆಲ್ ಎಂಬ ಬಾಗಿದ ಕೊಳವೆಯನ್ನು ಬಾಯಲ್ಲಿಟ್ಟುಕೊಂಡು, ಸಮುದ್ರದ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಹವಳಲೋಕವನ್ನು ನೋಡಬಹುದು. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದ ತಂದೆತಾಯಂದಿರನ್ನು ಮಕ್ಕಳು ಕೆರಿಬಿಯನ್ ಸಮುದ್ರದ ಇಂಥ ಹಡಗೊಂದಕ್ಕೆ ಹತ್ತಿಸುವುದು ಈಗ ಅಪರೂಪವೇನಲ್ಲ. ಊರ ಬಾವಿಯಲ್ಲೋ ಹೊಳೆಯಲ್ಲೋ ಚಿಕ್ಕಂದಿನಲ್ಲಿ ಈಜಿದವರು, ಎಂದೂ ಈಜದವರು, ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತು ಮುಖಗವಸು ಬಾಡಿಗೆಗೆ ಪಡೆಯುತ್ತಾರೆ. ಎಲ್ಲಿ ಇಳಿಯಬೇಕು ಎಂಬ ಪ್ರಶ್ನೆ ಏಳುವುದು ಆಮೇಲೆ. ಅದು ಮೊದಲೇ ಏಳಬೇಕಾದ ಪ್ರಶ್ನೆ.

ಈ ಆಯ್ಕೆ ಹೇಗೆ ನಡೆಯಬೇಕು ಎನ್ನುವುದನ್ನು ಬೊನೇರ್ ಎಂಬ ಪುಟ್ಟ ದ್ವೀಪದ ಉದಾಹರಣೆಯಿಂದ ನೋಡುವುದು ಸುಲಭ. ವೆನೆಜುವೆಲಾ ದೇಶದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿಗಿಂತ ಕೊಂಚ ಕೆಳಗಿನ ಅಕ್ಷಾಂಶದಲ್ಲಿ, ಬಾಗಿದ ಬೂಮರಾಂಗಿನ ಆಕಾರದಲ್ಲಿ ಬಿದ್ದುಕೊಂಡಿರುವ ಈ ದ್ವೀಪದ ವಿಸ್ತೀರ್ಣ 288 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 25 ಸಾವಿರ. 2010ರಿಂದ ಇದು ನೆದರ್‌ಲೆಂಡ್ಸ್ ದೇಶದ ವಿಶೇಷ ಪೌರಾಡಳಿತ ಪ್ರದೇಶ. ದಡದಿಂದಲೇ ನಡೆದು ನೀರಿಗಿಳಿದು ಹವಳ ನೋಡುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಜಗತ್ತಿನಲ್ಲೇ ಕಡಿಮೆ. ಕರಾವಳಿಯ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳಿವೆ. ಒಂದೊಂದು ಕಲ್ಲಿನ ಮೇಲೂ ಆ ತಾಣದ ಹೆಸರು. ವಾಹನ ನಿಲ್ಲಿಸಿ, ಹೆಸರು ಓದಿ, ನೀರಿಗಿಳಿಯುವುದು. ದ್ವೀಪದ ಸುತ್ತ ಹೀಗೆ ಗುರುತಿಸಿದ ತಾಣಗಳು ಎಂಬತ್ತಕ್ಕೂ ಹೆಚ್ಚು. ತಾಣಗಳಿಗೆ ಕೊರತೆಯಿಲ್ಲದ ಕಡೆ ಆಯ್ಕೆಯೇ ಕಷ್ಟ.

ಮೊದಲು ಗಡಿಯಾರದ ಲೆಕ್ಕ. ಹಡಗು ಎಂಟಕ್ಕೆ ಕಟ್ಟೆಗೆ ತಾಗಿತೆನ್ನಿ. ಜನ ಇಳಿಯುವಷ್ಟರಲ್ಲಿ ಎಂಟೂವರೆ ದಾಟಿರುತ್ತದೆ. ಹೊರಡುವ ಅರ್ಧ ಗಂಟೆಗೆ ಮೊದಲು, ಎಂದರೆ ನಾಲ್ಕೂವರೆಗೆ, ಎಲ್ಲರೂ ಹಡಗಿನಲ್ಲಿರಬೇಕು. ಟೈರು ಪಂಕ್ಚರ್ ಆಗುವುದು, ದಾರಿ ತಪ್ಪುವುದು, ಯಾರದೋ ಚಪ್ಪಲಿ ಕಳೆಯುವುದು ಇದಕ್ಕೆಲ್ಲ ಒಂದು ಗಂಟೆ ತೆಗೆದಿಟ್ಟರೆ ಮೂರೂವರೆಗೆ ಬಂದರಿಗೆ ಮರಳುವುದು ಕ್ಷೇಮ. ಸಲಕರಣೆ ಪಡೆಯಲು, ಹೋಗಿಬರಲು ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ, ಬಟ್ಟೆ ಬದಲಿಸಿ ದಣಿವಾರಿಸಿಕೊಳ್ಳಲು ಇನ್ನೊಂದು. ಉಳಿಯುವುದು ಮೂರೂವರೆ ಗಂಟೆ. ರೂಢಿಯಿಲ್ಲದವರು ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ನೀರಿನಲ್ಲಿ ಇರಲಾರರು. ಬೆಚ್ಚಗಿನ ಸಮುದ್ರವೂ ದೇಹದ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಹೀರುತ್ತದೆ. ಆದ್ದರಿಂದ ಒಂದು ದಿನಕ್ಕೆ ಎರಡು ತಾಣ, ಹೆಚ್ಚೆಂದರೆ. ಬಂದರಿನಿಂದ ಅರ್ಧ ಗಂಟೆಗಿಂತ ದೂರದ ತಾಣ ನಕ್ಷೆಯಲ್ಲಿ ಮಾತ್ರ ಚೆಂದ. ಕೈಗಡಿಯಾರ ಹಡಗಿನ ವೇಳೆಗೇ ಇರಲಿ ಎನ್ನುವುದೂ ಇಲ್ಲೇ ಸೇರಬೇಕಾದ ಮಾತು. ಬೇಸಿಗೆಯಲ್ಲಿ ಫ್ಲಾರಿಡಾದ ಗಡಿಯಾರ ಮೆಕ್ಸಿಕೋದ ಕೋಸುಮೆಲ್ ದ್ವೀಪದ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಹಡಗು ಫ್ಲಾರಿಡಾದ ವೇಳೆಯನ್ನೇ ಇಟ್ಟುಕೊಂಡಿದ್ದು, ಪ್ರಯಾಣಿಕ ಪೇಟೆಯ ಗಡಿಯಾರ ನೋಡಿಕೊಂಡು ಬಂದರೆ ಕಟ್ಟೆಯ ಮೇಲೆ ನಿಂತು ಹಡಗಿಗೆ ಕೈಬೀಸಬೇಕಾಗುತ್ತದೆ.

ಎರಡನೆಯದು ಗಾಳಿ. ಬಣ್ಣಬಣ್ಣದ ಮೀನಿನ ಚಿತ್ರಗಳಿರುವ ಕರಪತ್ರಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. ಆದರೆ ಆಯ್ಕೆಯ ಅರ್ಧ ಭಾಗ ಗಾಳಿಯಲ್ಲೇ ಮುಗಿಯುತ್ತದೆ. ಗಾಳಿ ಬೀಸುವ ದಿನ ಊರ ಕೆರೆಯ ದಡದಲ್ಲಿ ನಿಂತವರಿಗೆ ಇದು ಗೊತ್ತು: ಗಾಳಿ ಬಂದು ಮುಟ್ಟುವ ದಡದಲ್ಲಿ ಅಲೆಗಳು ಕಲ್ಲಿಗೆ ಬಡಿಯುತ್ತಿರುತ್ತವೆ, ಗಾಳಿ ಹೊರಡುವ ದಡದಲ್ಲಿ ನೀರು ಕನ್ನಡಿಯಂತಿರುತ್ತದೆ. ಅಲೆಯ ಎತ್ತರ ಮೂರು ಸಂಗತಿಗಳನ್ನು ಅವಲಂಬಿಸಿದೆ. ಗಾಳಿ ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಬೀಸಿದೆ, ನೀರಿನ ಮೇಲೆ ಎಷ್ಟು ದೂರ ಓಡಿ ಬಂದಿದೆ. ಬೊನೇರ್ ಇರುವುದು ವಾಣಿಜ್ಯ ಮಾರುತಗಳ ಪಟ್ಟಿಯಲ್ಲಿ. ಅಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದಲೇ ಬೀಸುತ್ತದೆ. ಪೂರ್ವ ಕರಾವಳಿಗೆ ನೂರಾರು ಕಿಲೋಮೀಟರ್ ತೆರೆದ ಸಮುದ್ರದ ಅಲೆಗಳು ಬಂದು ಅಪ್ಪಳಿಸುತ್ತವೆ. ಅಲ್ಲಿ ಈಜುವುದಿರಲಿ, ಬಂಡೆಯ ಅಂಚಿನಲ್ಲಿ ನಿಲ್ಲುವುದೂ ಅಪಾಯ. ಪಶ್ಚಿಮ ಕರಾವಳಿಯಲ್ಲಿ ಅದೇ ಗಾಳಿ ನೆಲದ ಮೇಲಿನಿಂದ ಬರುವುದರಿಂದ ಅಲೆ ಕಟ್ಟಲು ಜಾಗವೇ ಸಿಗುವುದಿಲ್ಲ. ಹಳದಿ ಕಲ್ಲುಗಳಲ್ಲಿ ಹೆಚ್ಚಿನವು ಪಶ್ಚಿಮದಲ್ಲಿರುವುದು ಇದೇ ಕಾರಣಕ್ಕೆ. ಬಂದರು ಪಟ್ಟಣವಾದ ಕ್ರಾಲೆಂಡೈಕ್ ಇರುವುದೂ ಅದೇ ಬದಿಯಲ್ಲಿ.

ಈ ಸುಖದ ಒಳಗೇ ಒಂದು ಅಪಾಯ ಅಡಗಿದೆ. ದಡದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ನೀರನ್ನು ಶಾಂತವಾಗಿ ತೋರಿಸುತ್ತದೆ, ಜೊತೆಗೆ ತೇಲುವವನನ್ನು ಮೆಲ್ಲನೆ ಹೊರಕ್ಕೆ ತಳ್ಳುತ್ತಿರುತ್ತದೆ. ಮುಖ ನೀರಿನಲ್ಲಿಟ್ಟು ಮೀನು ನೋಡುತ್ತಿರುವವನಿಗೆ ದಡ ದೂರವಾಗುವುದು ಗೊತ್ತಾಗುವುದೇ ಇಲ್ಲ. ತಲೆ ಎತ್ತಿದಾಗ ದಡ ಇನ್ನೂರು ಮೀಟರ್ ಆಚೆ. ಮರಳಬೇಕಾದದ್ದು ಗಾಳಿಗೆ ಎದುರಾಗಿ. ಬೊನೇರಿನಲ್ಲಿ ಹಾಗೆ ಹೊರಕ್ಕೆ ತೇಲಿದವನಿಗೆ ಪಶ್ಚಿಮದಲ್ಲಿ ಎದುರಾಗುವ ನೆಲವೆಂದರೆ ಮುಕ್ಕಾಲು ಕಿಲೋಮೀಟರಿನಷ್ಟು ದೂರದ ನಿರ್ಜನ ದ್ವೀಪ ಕ್ಲೈನ್ ಬೊನೇರ್ ಒಂದೇ. ಅದೂ ತಪ್ಪಿದರೆ ತೆರೆದ ಸಮುದ್ರ. ಐದು ನಿಮಿಷಕ್ಕೊಮ್ಮೆ ತಲೆ ಎತ್ತಿ ದಡದ ಗುರುತು ನೋಡಿಕೊಳ್ಳುವವನು ಇದರಿಂದ ಪಾರಾಗುತ್ತಾನೆ. ಸೆಳವು ಇದ್ದರೆ ಹೋಗುವಾಗ ಅದಕ್ಕೆ ಎದುರಾಗಿ ಹೋಗಬೇಕು, ಮರಳುವಾಗ ಅದರ ಜೊತೆಗೆ. ಮೈಯಲ್ಲಿ ಕಸುವಿರುವಾಗ ಕಷ್ಟದ ಕೆಲಸ, ದಣಿದಾಗ ಸುಲಭದ್ದು. ಸೆಳವಿನ ದಿಕ್ಕು ತಿಳಿಯಲು ಯಂತ್ರ ಬೇಕಿಲ್ಲ. ನೀರಿನಲ್ಲಿ ಕಟ್ಟಿರುವ ಬುರುಡೆಗಳ ಹಗ್ಗ ಯಾವ ಕಡೆಗೆ ವಾಲಿದೆ ನೋಡಿದರೆ ಸಾಕು. ಇಲ್ಲವೆ ಒಣ ಎಲೆಯೊಂದನ್ನು ಎಸೆದು ಒಂದು ನಿಮಿಷ ಕಾಯಬೇಕು.

ಗಾಳಿ ಯಾವಾಗಲೂ ಹೇಳಿದ ಮಾತು ಕೇಳುತ್ತದೆಂದಲ್ಲ. 1999ರ ನವೆಂಬರಿನಲ್ಲಿ ಲೆನಿ ಎಂಬ ಚಂಡಮಾರುತ ಎಲ್ಲ ಚಂಡಮಾರುತಗಳಿಗೆ ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು. ಅದು ಬೊನೇರನ್ನು ಮುಟ್ಟಲಿಲ್ಲ. ಆದರೆ ಅದು ಎಬ್ಬಿಸಿದ ಅಲೆಗಳು ದ್ವೀಪದ ಶಾಂತ ಬದಿಗೆ ಬಡಿದು ಆಳವಿಲ್ಲದ ನೀರಿನ ಹವಳಗಳನ್ನು ಪುಡಿಮಾಡಿದವು. 2008ರಲ್ಲಿ ಓಮರ್ ಚಂಡಮಾರುತ ಬಂದಾಗಲೂ ಹೀಗೇ ಆಯಿತು. ದೂರದ ಬಿರುಗಾಳಿಯಿಂದ ಗಾಳಿ ತಿರುಗಿದ ದಿನ ಪಶ್ಚಿಮದ ತಾಣಗಳು ಕೆಲಸಕ್ಕೆ ಬರುವುದಿಲ್ಲ. ಯೋಜನೆ ಏನೇ ಇರಲಿ, ದಡಕ್ಕೆ ಬಂದು ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ನೋಡುವುದು ಒಳ್ಳೆಯ ಪದ್ಧತಿ. ಅಲೆಗಳು ಒಂದೇ ಸಮನೆ ಬರುವುದಿಲ್ಲ. ನಾಲ್ಕಾರು ಸಣ್ಣವು, ಬೆನ್ನಿಗೆ ಎರಡು ಮೂರು ದೊಡ್ಡವು, ಹೀಗೆ ಗುಂಪುಗುಂಪಾಗಿ ಬರುತ್ತವೆ. ಒಂದು ನಿಮಿಷ ನೋಡಿದವನಿಗೆ ಸಣ್ಣವು ಮಾತ್ರ ಕಂಡಿರಲೂಬಹುದು.

ಇನ್ನು ನೀರಿನ ತಿಳಿ. ಬೊನೇರಿನ ಸುತ್ತ 30 ಮೀಟರ್ ದೂರದ ಮೀನು ಕಾಣುವ ದಿನಗಳು ಸಾಮಾನ್ಯ. ಕಾರಣ ದ್ವೀಪದ ಬಡತನ! ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ನದಿ ಎಂಬುದೇ ಇಲ್ಲ. ಕಳ್ಳಿಗಿಡ, ಕತ್ತೆ, ಸುಣ್ಣಕಲ್ಲು. ಮಣ್ಣು ಕೊಚ್ಚಿಕೊಂಡು ಬಂದು ಸಮುದ್ರವನ್ನು ಕದಡುವ ಹರಿವಿಲ್ಲ. ಮಂಗಳೂರಿನಲ್ಲಿ ಇದರ ಏಳು ಪಟ್ಟು ಮಳೆ. ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಣ್ಣನ್ನೆಲ್ಲ ತಂದು ಸುರಿಯುವ ಕರ್ನಾಟಕದ ಕಡಲು ದಡದಲ್ಲಿ ಯಾಕೆ ಕಂದಾಗಿರುತ್ತದೆ, ಹವಳ ನೋಡಲು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದವರೆಗೆ ಯಾಕೆ ಹೋಗಬೇಕು, ಅದೂ ಮಳೆಗಾಲ ಕಳೆದ ಮೇಲೆ, ಎನ್ನುವುದಕ್ಕೂ ಇದೇ ವಿವರಣೆ. ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತವೆ. ಕದಡಿದ ನೀರಿನಲ್ಲಿ ಬಿಸಿಲು ಇಳಿಯದು, ಕೆಸರು ಹುಳುವಿನ ಬಾಯಿ ಮುಚ್ಚುತ್ತದೆ. ಯಾವ ದ್ವೀಪದಲ್ಲೇ ಆಗಲಿ, ಹೊಳೆ ಸಮುದ್ರ ಸೇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಅಲ್ಲಿಂದ ದೂರ ಹೋಗುವುದು ಮೊದಲ ಜಾಣತನ.

ಈಗ ಹಳದಿ ಕಲ್ಲುಗಳನ್ನು ಒಂದೊಂದಾಗಿ ನೋಡಬಹುದು. ಬಂದರಿನ ಉತ್ತರಕ್ಕೆ ಹೋದರೆ ಸಿಗುವ ಪ್ರಸಿದ್ಧ ತಾಣದ ಹೆಸರು 'ಸಾವಿರ ಮೆಟ್ಟಿಲು'. ಎಣಿಸಿದರೆ ಮೆಟ್ಟಿಲುಗಳು ಎಪ್ಪತ್ತರ ಆಸುಪಾಸಿನಲ್ಲಿವೆ. ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಹತ್ತುವಾಗ ಸಾವಿರವಾಗುತ್ತವೆ ಎಂಬುದು ಅಲ್ಲಿನವರ ತಮಾಷೆ. ಹವಳ ಸೊಗಸಾಗಿದೆ, ಆಮೆಗಳೂ ಕಾಣುತ್ತವೆ. ಆದರೆ ಮಂಡಿನೋವಿನವರು, ಹೃದಯದ ತೊಂದರೆ ಇರುವವರು ಅತ್ತ ಹೋಗದಿರುವುದೇ ಮೇಲು. ನೀರಿಗಿಳಿಯುವ ಕಡೆ ಕಾಲಡಿಯಲ್ಲಿ ಉರುಟು ಹವಳದ ತುಂಡುಗಳು ಜಾರುತ್ತವೆ. ಈಜಿ ದಣಿದವರು ಮತ್ತೆ ಮೆಟ್ಟಿಲು ಹತ್ತಬೇಕು. ದಕ್ಷಿಣಕ್ಕೆ ಉಪ್ಪಿನ ಕಟ್ಟೆ. ಇದು ನಿಜವಾಗಿಯೂ ಉಪ್ಪು ತುಂಬುವ ಕಟ್ಟೆ. ಪಕ್ಕದಲ್ಲಿ ಗುಲಾಬಿ ಬಣ್ಣದ ಉಪ್ಪಿನ ಗದ್ದೆಗಳು, ಬಿಳಿ ಗುಡ್ಡಗಳು. ಕಟ್ಟೆಯ ಕಂಬಗಳಿಗೆ ಸ್ಪಂಜು, ಹವಳ ಅಂಟಿ ಬೆಳೆದಿವೆ. ಕಂಬಗಳ ನೆರಳಿನಲ್ಲಿ ಮೀನುಗಳ ಹಿಂಡು ಕಂಬದಂತೆಯೇ ನಿಂತಿರುತ್ತದೆ. ಬಹುಶಃ ದ್ವೀಪದಲ್ಲೇ ಅತ್ಯಂತ ಚೆಲುವಾದ ನೋಟ ಇದು. ಆದರೆ ಉಪ್ಪಿನ ಹಡಗು ಬಂದು ನಿಂತ ದಿನ ಅಲ್ಲಿ ಇಳಿಯುವಂತಿಲ್ಲ. ಹೊರಡುವ ಮುನ್ನ ವಿಚಾರಿಸದೆ ಟ್ಯಾಕ್ಸಿ ಹತ್ತಿದವರು ಬಿಸಿಲಿನಲ್ಲಿ ಹಡಗಿಗೆ ಉಪ್ಪು ಸುರಿಯುವುದನ್ನು ನೋಡಿ ವಾಪಸಾಗಬೇಕು.

ಇನ್ನೂ ದಕ್ಷಿಣಕ್ಕೆ ಹೋದರೆ 1850ರಲ್ಲಿ ಉಪ್ಪಿನ ಕೆಲಸದ ಗುಲಾಮರಿಗಾಗಿ ಕಟ್ಟಿದ ಗೂಡಿನಂಥ ಮನೆಗಳಿವೆ. ಬಗ್ಗಿಯೇ ಒಳಹೋಗಬೇಕಾದಷ್ಟು ಕುಳ್ಳು. ಅವನ್ನು ದಡದ ಮೇಲೆ ನಿಂತು ನೋಡಬೇಕು. ದ್ವೀಪದ ದಕ್ಷಿಣ ತುದಿಯ ಬಳಿ ಎರಡೂ ಬದಿಯ ನೀರು ಸೇರುವುದರಿಂದ ಸೆಳವು ಜೋರು; ಹೊಸಬರು ಇಳಿಯುವ ಜಾಗ ಅದಲ್ಲ. ಪೂರ್ವದ ಲಾಕ್ ಕೊಲ್ಲಿಯನ್ನೂ ಹಡಗಿನ ಪ್ರವಾಸ ಪಟ್ಟಿಗಳಲ್ಲಿ ಕಾಣಬಹುದು. ಸೊಂಟದ ಮಟ್ಟದ ನೀರು, ಕಾಂಡ್ಲಾ ಕಾಡು, ಹಾಯಿಹಲಗೆಯ ಆಟ ಚೆನ್ನಾಗಿದೆ. ಹವಳ ಹುಡುಕಿ ಹೋದವರಿಗೆ ನಿರಾಸೆ.

ಹಾಗಾದರೆ ಉಳಿದದ್ದು? ಮೊದಲ ಸಲ ಮುಖಗವಸು ಹಾಕುವವರಿಗೆ ವಿಮಾನ ನಿಲ್ದಾಣದ ಎದುರಿನ 'ತೆ ಆಮೊ' ಮತ್ತು ಅದರ ಅಕ್ಕಪಕ್ಕದ ಕಿರು ಮರಳು ದಂಡೆಗಳು ಸಾಕು. ಬಂದರಿನಿಂದ ಕೆಲವೇ ನಿಮಿಷಗಳ ದಾರಿ. ಮರಳಿನ ಮೇಲೆ ನಡೆದು ಇಳಿಯಬಹುದು, ಎಲ್ಲಿ ಬೇಕೆಂದರಲ್ಲಿ ನಿಲ್ಲಬಹುದು. ಪಟ್ಟಣದ ಉತ್ತರದ ಬಾರಿ ರೀಫ್ ಸಹ ಹತ್ತಿರವೇ; ಅಲ್ಲಿ ಮೀನು ಎಣಿಸುವ ಹವ್ಯಾಸಿಗಳು 300ಕ್ಕೂ ಹೆಚ್ಚು ಜಾತಿಗಳನ್ನು ದಾಖಲಿಸಿದ್ದಾರೆ. ಸ್ವಲ್ಪ ಈಜು ಬಲ್ಲವರಿಗೆ ಎಲ್ಲಕ್ಕಿಂತ ಒಳ್ಳೆಯದು ಕ್ಲೈನ್ ಬೊನೇರ್. ದೋಣಿಯವರು ಸೆಳವಿನ ಮೇಲ್ಬದಿಯಲ್ಲಿ ಇಳಿಸುತ್ತಾರೆ. ತೇಲುತ್ತ ಬಂದರೆ ಹವಳದ ತೋಟವೇ ಕೆಳಗೆ ಸರಿಯುತ್ತ ಹೋಗುತ್ತದೆ. ಅಂಗಡಿ ಇಲ್ಲ, ನೆರಳು ಹೆಚ್ಚಿಲ್ಲ, ಕುಡಿಯುವ ನೀರು ಒಯ್ಯಬೇಕು. ಮರಳುವ ದೋಣಿಯ ವೇಳೆ ಕೇಳಿ ಬರೆದುಕೊಳ್ಳಬೇಕು.

ಆಳಕ್ಕೆ ಹೋಗದಿದ್ದರೆ ಏನೋ ತಪ್ಪಿಹೋಯಿತು ಎಂದು ಕೊರಗುವವರಿದ್ದಾರೆ. ಬೆಳಕಿನ ಪಾಠ ನೆನಪಿದ್ದರೆ ಈ ಕೊರಗು ಬೇಡ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದು ಮೀಟರಿನ ಆಳಕ್ಕೆ ಕೆಂಪು ಬಹುಮಟ್ಟಿಗೆ ಮಾಯ, ಆಮೇಲೆ ಕಿತ್ತಳೆ, ಹಳದಿ. ಇಪ್ಪತ್ತು ಮೀಟರ್ ಆಳದಲ್ಲಿ ಟಾರ್ಚ್ ಇಲ್ಲದ ಮುಳುಗುಗಾರ ನೋಡುವುದು ನೀಲಿ ಬೂದು ಜಗತ್ತು. ಎರಡು ಮೂರು ಮೀಟರ್ ನೀರಿನ ಮೇಲೆ ತೇಲುವ ಅಜ್ಜನಿಗೆ ಕಾಣುವಷ್ಟು ಬಣ್ಣ ಅವನಿಗೆ ಕಾಣುವುದಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಇಳಿದರೆ ಇನ್ನೂ ಲಾಭ. ಸೂರ್ಯ ನೆತ್ತಿಯ ಬಳಿ ಇರುವಾಗ ನೀರಿನ ಮೇಲ್ಮೈ ಪ್ರತಿಫಲಿಸುವುದು ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ. ದಿಗಂತಕ್ಕೆ 10 ಡಿಗ್ರಿಯಷ್ಟು ಇಳಿದಾಗ ಮೂರನೇ ಒಂದು ಪಾಲಿಗೂ ಹೆಚ್ಚು ಮೇಲಿನಿಂದಲೇ ಮರಳುತ್ತದೆ. ವಕ್ರೀಭವನದಿಂದಾಗಿ ಮುಖಗವಸಿನ ಗಾಜಿನ ಮೂಲಕ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಮುಕ್ಕಾಲು ದೂರದಲ್ಲಿರುವಂತೆ ಕಾಣುತ್ತದೆ. ಹಡಗಿಗೆ ಮರಳಿದವರು ಹೇಳುವ ಮೀನಿನ ಅಳತೆಯನ್ನು ಇದರಿಂದ ಭಾಗಿಸಿಕೊಳ್ಳಬಹುದು.

ಮೀಸೆಯವರಿಗೆ ಒಂದು ಸೂಚನೆ. ಮುಖಗವಸಿನ ಅಂಚು ಚರ್ಮಕ್ಕೆ ಅಂಟಿದರೆ ಮಾತ್ರ ನೀರು ನಿಲ್ಲುತ್ತದೆ. ಕೂದಲಿನ ಸಂದಿಯಲ್ಲಿ ಅದು ನುಗ್ಗುತ್ತದೆ. ಮೂಗಿನ ಬುಡದಲ್ಲಿ ತುಸು ಬೋಳಿಸಿಕೊಂಡರೆ ಮೀಸೆಯ ಘನತೆಗೆ ಧಕ್ಕೆಯಾಗದು. ಕನ್ನಡಕದ ಮೇಲೆ ಮುಖಗವಸು ಕೂರುವುದಿಲ್ಲ. ಪವರ್ ಇರುವ ಗಾಜಿನ ಮುಖಗವಸುಗಳು ಹಲವು ಬಾಡಿಗೆ ಅಂಗಡಿಗಳಲ್ಲಿವೆ. ಗಾಜು ಮಂಜಾಗದಂತೆ ಒಳಗಡೆ ಉಗುಳು ಸವರುವುದನ್ನು ಕಂಡು ಅಸಹ್ಯಪಡುವ ಅಗತ್ಯವಿಲ್ಲ. ಉಗುಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತದೆ. ಹನಿಗಳು ಮಣಿಗಟ್ಟದೆ ತೆಳ್ಳಗೆ ಹರಡಿ ಗಾಜು ಪಾರದರ್ಶಕವಾಗಿಯೇ ಉಳಿಯುತ್ತದೆ.

ಉಸಿರಿನ ವಿಷಯ ಇಷ್ಟು ಹಗುರವಲ್ಲ. ಕೊಳವೆ ಇನ್ನೂ ಉದ್ದವಿದ್ದಿದ್ದರೆ ಆಳದಲ್ಲೇ ಈಜಬಹುದಿತ್ತಲ್ಲ ಎಂದು ಮಕ್ಕಳು ಕೇಳುವುದುಂಟು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಅರ್ಧ ಮೀಟರ್ ಆಳದಲ್ಲಿ ನೀರಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 50 ಗ್ರಾಂ. ಎದೆಯ ವಿಸ್ತಾರ ಒಂದು ಸಾವಿರ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ 50 ಕಿಲೋ. ಅಂದರೆ ಅಕ್ಕಿ ಮೂಟೆಯೊಂದನ್ನು ಎದೆಯ ಮೇಲಿಟ್ಟುಕೊಂಡು ಪ್ರತಿ ಸಲವೂ ಉಸಿರೆಳೆಯಬೇಕು. ಜೊತೆಗೆ ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ನಿಂತಿದ್ದು ಮತ್ತೆ ಒಳಹೋಗುತ್ತದೆ. ಆದ್ದರಿಂದಲೇ ಕೊಳವೆ ಒಂದು ಮೊಳಕ್ಕಿಂತ ಉದ್ದವಿರುವುದಿಲ್ಲ. ಗಿಡ್ಡ ಕೊಳವೆಯೂ ಉಸಿರಾಟಕ್ಕೆ ಕೊಂಚ ತಡೆಯೊಡ್ಡುತ್ತದೆ. ಹವಾಯಿ ದ್ವೀಪಗಳಲ್ಲಿ ಪ್ರವಾಸಿಗರು ಮುಳುಗಿ ಸಾಯುವ ಪ್ರಕರಣಗಳಲ್ಲಿ ಸ್ನಾರ್ಕೆಲ್ ಈಜು ಮುಂಚೂಣಿಯಲ್ಲಿದೆ. ಸತ್ತವರಲ್ಲಿ ನಡುವಯಸ್ಸು ದಾಟಿದ ಗಂಡಸರು ಹೆಚ್ಚು. ಅಲ್ಲಿ ನಡೆದ ಅಧ್ಯಯನವೊಂದರ ವರದಿ 2021ರಲ್ಲಿ ಹೊರಬಂತು. ಕೊಳವೆಯ ತಡೆ, ಶ್ರಮ, ನೀರಿನ ಒತ್ತಡ ಕೂಡಿದಾಗ ಶ್ವಾಸಕೋಶದೊಳಗೆ ದೇಹದ ದ್ರವವೇ ಜಿನುಗಿ ತುಂಬಿಕೊಳ್ಳುವುದು ಹಲವು ಸಾವುಗಳಿಗೆ ಕಾರಣವಿರಬೇಕು ಎಂಬುದು ಅದರ ಅಭಿಪ್ರಾಯ. ಒದ್ದಾಟವಿಲ್ಲ, ಕೂಗಿಲ್ಲ; ಪಕ್ಕದಲ್ಲೇ ಇದ್ದವರಿಗೂ ತಿಳಿಯುವುದಿಲ್ಲ. ಇದ್ದಕ್ಕಿದ್ದಂತೆ ಏದುಸಿರು, ಕೈಕಾಲಿನಲ್ಲಿ ನಿಶ್ಶಕ್ತಿ ಕಂಡರೆ ಕೊಳವೆ ಕಿತ್ತು, ಅಂಗಾತ ತೇಲಿ, ಕೈಯೆತ್ತಿ ಕರೆದು, ನೀರಿನಿಂದ ಹೊರಬರಬೇಕು. ಕಾಲಿಗೆ ನೆಲ ಸಿಗುವ ಕಡೆಯೇ ಇದ್ದವರಿಗೆ ಇದಾವುದೂ ಕಷ್ಟವಲ್ಲ. ಆದ್ದರಿಂದಲೇ ಮರಳು ದಂಡೆಯ ತಾಣವನ್ನು ಮೇಲೆ ಅಷ್ಟು ಹೊಗಳಿದ್ದು. ಗಾಳಿ ತುಂಬುವ ಅಂಗಿ ಹಾಕಿಕೊಳ್ಳುವುದು ಅವಮಾನವೇನಲ್ಲ. ಒಬ್ಬರೇ ಇಳಿಯುವುದು ಮಾತ್ರ ಎಂದಿಗೂ ಕೂಡದು.

ಸಿಲಿಂಡರು ಹೊತ್ತು ಮುಳುಗುವವರ ಲೆಕ್ಕ ಬೇರೆ. ತರಬೇತಿಯ ಪ್ರಮಾಣಪತ್ರ ತೋರಿಸಬೇಕು, ಸಾಗರ ಉದ್ಯಾನದ ಶುಲ್ಕ ಕಟ್ಟಬೇಕು, ನಿಯಮಗಳ ವಿವರಣೆ ಕೇಳಿ ಮೊದಲೊಂದು ಪರೀಕ್ಷಾ ಮುಳುಗು ಮುಗಿಸಬೇಕು. ವಾರವಿಡೀ ಇರುವವರಿಗೆ ಇದು ಸರಿ. ಹಡಗಿನಿಂದ ಇಳಿದವರಿಗೆ ಅರ್ಧ ದಿನ ಇದರಲ್ಲೇ ಹೋಗುತ್ತದೆ. ಅಂಥವರು ದೂರದ ಆಸೆ ಬಿಟ್ಟು ಬಂದರಿನ ಸಮೀಪದ ಕೇಂದ್ರವೊಂದರ ಎದುರಿನ ಹವಳದಲ್ಲೇ ಮುಳುಗುವುದು ಲಾಭ. ಪಟ್ಟಣದ ಕಟ್ಟೆಯ ಅಡಿ ಮುಳುಗಲು ಮಾರ್ಗದರ್ಶಿ ಬೇಕು, ಹಡಗು ನಿಂತಿರುವಾಗ ಅದೂ ಸಾಧ್ಯವಿಲ್ಲ. ಗಾಂಜಾ ಸಾಗಿಸಿ ಸಿಕ್ಕಿಬಿದ್ದು 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ 72 ಮೀಟರ್ ಉದ್ದದ ಹಡಗು ದಡಕ್ಕೆ ಹತ್ತಿರವೇ ಮಲಗಿದೆ. ಅದರ ತಳ 30 ಮೀಟರ್ ಆಳದಲ್ಲಿ; ಅನುಭವವಿದ್ದವರಿಗೆ ಮಾತ್ರ. ಬಾಡಿಗೆ ವಾಹನದಲ್ಲಿ ಹೋಗುವವರು ಪರ್ಸು, ಪಾಸ್‌ಪೋರ್ಟ್ ಒಳಗಿಟ್ಟು ಬೀಗ ಹಾಕಬಾರದು. ದಡದ ವಾಹನಗಳಿಂದ ಕಳ್ಳತನ ಅಲ್ಲಿ ಹಳೆಯ ಕಾಟ.

ಇಷ್ಟು ಹೊತ್ತು ನೋಡಿದ್ದು ಮನುಷ್ಯನ ಕ್ಷೇಮ. ಹವಳದ ಕ್ಷೇಮವೂ ಇದೇ ಆಯ್ಕೆಯಲ್ಲಿ ಸೇರಿದೆ. ಒಂದು ದೊಡ್ಡ ಹಡಗು ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಇಳಿಸುತ್ತದೆ. ದ್ವೀಪದ ಜನಸಂಖ್ಯೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು, ಒಂದೇ ಬೆಳಿಗ್ಗೆ. ಬೊನೇರ್ ಇದನ್ನು ಬಹಳ ಹಿಂದೆಯೇ ಊಹಿಸಿದಂತಿದೆ. 1971ರಲ್ಲಿ ಈಟಿಯಿಂದ ಮೀನು ಹೊಡೆಯುವುದನ್ನು ನಿಷೇಧಿಸಿತು. 1979ರಲ್ಲಿ ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗಿನ ಸುತ್ತಲಿನ ಸಮುದ್ರವನ್ನೆಲ್ಲ ಉದ್ಯಾನವಾಗಿಸಿತು. ದೋಣಿಗಳು ಲಂಗರು ಎಸೆಯುವಂತಿಲ್ಲ, ಕಟ್ಟಿರುವ ಬುರುಡೆಗಳಿಗೇ ಹಗ್ಗ ಬಿಗಿಯಬೇಕು. ಮುಳುಗುವವರು ಕೈಗವಸು ಹಾಕುವಂತಿಲ್ಲ. ಬರಿಗೈಯವನು ಹವಳವನ್ನು ಹಿಡಿಯಲು ಹೆದರುತ್ತಾನೆ ಎಂಬುದು ಸರಳ ತರ್ಕ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್ ಇರುವ ಬಿಸಿಲು ಲೇಪನವನ್ನು 2021ರಿಂದ ನಿಷೇಧಿಸಲಾಗಿದೆ. ತುಂಬುತೋಳಿನ ಬಿಗಿಯಂಗಿ ತೊಟ್ಟರೆ ಲೇಪನದ ಗೊಡವೆಯೇ ಬೇಡ. ಸಂಕೋಚಪಡುವ ತಾಯಂದಿರಿಗೂ ಅದೇ ಅನುಕೂಲ.

ಆದರೂ ಅಲ್ಲಿನ ಹವಳ ಈಗ ನೆಮ್ಮದಿಯಾಗಿಲ್ಲ. 2023ರಲ್ಲಿ ಹವಳದ ಅಂಗಾಂಶವನ್ನು ಕರಗಿಸುವ ರೋಗ ಬೊನೇರಿನಲ್ಲೂ ಕಾಣಿಸಿಕೊಂಡಿತು. ಅದೇ ವರ್ಷ ಸಮುದ್ರ ಕಾದು ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿದವು. ಮಿದುಳಿನಾಕಾರದ ಹವಳ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುತ್ತದೆ. ಬುಟ್ಟಿಯಷ್ಟು ದೊಡ್ಡದರ ಮೇಲೆ ಮುಖಗವಸು ಸರಿಮಾಡಿಕೊಳ್ಳಲೆಂದು ನಿಂತವನು ತನ್ನ ಅಜ್ಜನಿಗಿಂತ ಹಿರಿಯ ಜೀವಿಯ ಮೇಲೆ ನಿಂತಿರುತ್ತಾನೆ. ಮರಳಿನಿಂದ ಇಳಿಯುವ ತಾಣ ಆರಿಸಿದರೆ ಅವನೂ ಬೀಳುವುದಿಲ್ಲ, ಹವಳವೂ ಮುರಿಯುವುದಿಲ್ಲ.

ಬೇರೆ ಬಂದರುಗಳಿಗೂ ಈ ಲೆಕ್ಕವನ್ನೇ ಅನ್ವಯಿಸಬಹುದು. ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್‌ಟೌನಿನಲ್ಲಿ 'ಈಡನ್ ರಾಕ್' ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಚಳಿಗಾಲದ ವಾಯವ್ಯ ಗಾಳಿ ಬೀಸಿದ ದಿನ ಆ ಪಶ್ಚಿಮ ದಡವೇ ಅಲೆಗೆ ಸಿಕ್ಕುತ್ತದೆ. ಕೋಸುಮೆಲಿನಲ್ಲೂ ಪಶ್ಚಿಮವೇ ಗಾಳಿಮರೆ, ಸೆಳವು ಮಾತ್ರ ದಡದುದ್ದಕ್ಕೂ ಬಲವಾಗಿ ಹರಿಯುತ್ತದೆ. ಹತ್ತಿರದ ಉದಾಹರಣೆ ಬೇಕಿದ್ದರೆ ಕೊಚ್ಚಿಯಿಂದ ಹಡಗು ಹೊರಡುವ ಲಕ್ಷದ್ವೀಪ. ಅಮಿನಿ, ಕದ್ಮತ್ ಮೊದಲಾದ ಅಲ್ಲಿನ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿ ಹಡಗು ಹೊರಗೆ ನಿಲ್ಲುತ್ತದೆ, ದೋಣಿ ದಡ ಮುಟ್ಟಿಸುತ್ತದೆ. ಬಹುತೇಕ ದ್ವೀಪಗಳಲ್ಲಿ ನೆಲವಿರುವುದು ಹವಳದ ಉಂಗುರದ ಪೂರ್ವ ಅಂಚಿನಲ್ಲಿ. ಪಶ್ಚಿಮಕ್ಕೆ ತಟ್ಟೆಯಂಥ ಲಗೂನು. ಮಳೆಗಾಲ ಮುಗಿದ ಮೇಲೆ ಹೊಸಬರಿಗೆ ಆ ಲಗೂನಿಗಿಂತ ಸೌಮ್ಯವಾದ ನೀರು ಸಿಗದು. ಆದರೆ ಹವಳದ ಗೋಡೆ ದಾಟಿ ಒಳಬಂದ ನೀರೆಲ್ಲ ಇಳಿತದ ವೇಳೆ ಗೋಡೆಯ ಕಿರಿದಾದ ಬಾಯಿಯಿಂದಲೇ ಹೊರಹೋಗಬೇಕು. ತೂಬು ತೆಗೆದ ಕೆರೆಯಂತೆ. ಆ ಬಾಯಿಯ ಹತ್ತಿರ ತೇಲುವವನನ್ನು ಅದು ಕೇಳದೆಯೇ ಹೊರಗೊಯ್ಯುತ್ತದೆ.

ಕೊನೆಯ ದಿನದ ಬಂದರಿನಲ್ಲಿ ಸಿಲಿಂಡರು ಹೊತ್ತು ಮುಳುಗುವ ಮುನ್ನ ವಿಮಾನದ ಟಿಕೆಟ್ಟನ್ನೊಮ್ಮೆ ತೆಗೆದು ನೋಡಬೇಕು. ಆಳದ ಒತ್ತಡದಲ್ಲಿ ರಕ್ತಕ್ಕೆ, ಅಂಗಾಂಶಕ್ಕೆ ಕರಗಿದ ಸಾರಜನಕ ನಿಧಾನವಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ವಿಮಾನವೇರಿ ಗಾಳಿಯ ಒತ್ತಡ ಇಳಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎಂಬುದು ಮುಳುಗು ವೈದ್ಯರ ಸಲಹೆ. ಮುಳುಗಿದ ಮಧ್ಯಾಹ್ನವೇ ಬಸ್ಸಿನಲ್ಲಿ ಎತ್ತರದ ಬೆಟ್ಟ ಹತ್ತುವುದಕ್ಕೂ ಇದೇ ಎಚ್ಚರಿಕೆ ಬೇಕು. ಬೊನೇರಿನಲ್ಲಿ ಆ ಚಿಂತೆಯಿಲ್ಲ: ಅಲ್ಲಿನ ಅತಿ ಎತ್ತರದ ಬ್ರಾಂಡಾರಿಸ್ ಗುಡ್ಡದ ಎತ್ತರ 241 ಮೀಟರ್.